ಗಡಿಯಾರ ಮತ್ತೆ ನಿಂತಿದೆ

…ಅಯ್ಯಯ್ಯೋ, ಆ ಬಟ್ಟೆ ತೆಗೀಬೇಡಿ! ಇರಲಿ ಬಿಡಿ. ಬಂದ ಕೂಡಲೇ ಸತ್ತ ಗಡಿಯಾರದ ಮುಖ ಏನು ನೋಡ್ತೀರಿ? ನೋಡೋಕಾಗದೆ ನಾನೇ ಮುಚ್ಚಿಟ್ಟಿದ್ದೀನಿ. ಮೊದಲು ಕೂತ್ಕೊಳ್ಳಿ ಮೆಕ್ಯಾನಿಕ್ ಸಾಹೇಬ್ರೇ. ಸ್ಟೇರಿಂಗ್ ಕಡೆ ನೀವು, ಈ ಕಡೆ ನಾನು. ಆ ಬಾಗಿಲು ಜೋರಾಗಿ ಎಳೀಬೇಕು… ಅಯ್ಯೋ, ನಿಮಗೆ ಹೇಳ್ತಿದ್ದೀನಲ್ಲ! ಸೋದರಮಾವ ಈ ಹಳೇ ಕಾರು ನನಗೆ ಕೊಟ್ಟ ದಿನದಿಂದ ನನಗಿಂತ ಜಾಸ್ತಿ ಇದರಲ್ಲಿ ಕೂತೋರು ನೀವೇ.

ಡ್ಯಾಶ್‌ಬೋರ್ಡಿನ ಈ ಗಡಿಯಾರ ಪೂರ್ತಿ ನಿಂತುಹೋಗಿದೆ ನೋಡಿ. ಹೋದ ಸಲ ರಿಪೇರಿ ಮಾಡಿ ಏನಂದ್ರಿ? "ಟೈಲರಮ್ಮ, ಇನ್ನು ಇದು ನಿಲ್ಲಲ್ಲ. ಇಲ್ಲಿ ನನ್ನ ಕೆಲಸ ಮುಗೀತು." ಅಷ್ಟೇ ಹೇಳಿ ಹೊರಟೇ ಹೋದ್ರಿ! ಆ ಮಾತು ನನಗೆ ಸುತರಾಂ ಹಿಡಿಸಲಿಲ್ಲ. ಹೊಲಿಗೆ ಮಿಷನ್ ಮುಂದೆ ಕೂತ್ರೆ ತೋಳು ಹೊಲಿಯೋ ಕಡೆ ಕಾಲರ್ ಹೊಲಿದೆ. ಮುಗೀತು ಅಂತೆ, ಮುಗೀತು! ಹಾಗೆಲ್ಲ ಅನ್ನಬಾರದು ರೀ… ಅಂದ್ರೆ, ಗಡಿಯಾರದ ವಿಷಯದಲ್ಲಿ.

ಯಾಕೆ ನಗ್ತೀರಿ?

ನಾನೂ ಒಂದಿಷ್ಟು ಕಲಿತಿದ್ದೀನಪ್ಪ. ಬ್ಯಾಟರಿ ನೋಡ್ದೆ, ಗಟ್ಟಿಮುಟ್ಟಾಗಿದೆ. ಹೆಡ್‌ಲೈಟ್ ಹಾಕ್ದೆ, ಎದುರು ಮನೆ ಮುದುಕರು ಕಿಟಕಿಯಿಂದ ಬೈದ್ರು. ಮೊದಲ ಸಲ ಗಡಿಯಾರದ ಹಿಂದಿನ ಅರ್ತ್ ವೈರು ಸಡಿಲ ಆಗಿತ್ತು. ಆಮೇಲೂ ಅದೇ ವೈರು. ಅದಾದ ಮೇಲಿನ ಸಲನೂ… ಹ್ಞೂ, ಅದೇ. ರಸ್ತೆ ಹಾಗಿದೆ, ಏನ್ ಮಾಡೋದು! "ಕಾರು ಶೆಡ್ಡು ಬಿಟ್ಟೇ ಇರಲಿಲ್ವಲ್ಲೇ" ಅಂತಾಳೆ ನಮ್ಮಕ್ಕ. ಅವಳ ಮಾತು ಬಿಡಿ, ಮೊಸರಲ್ಲೂ ಕಲ್ಲು ಹುಡುಕೋಳು. ಅದಕ್ಕೇ ಹೋದ ಸಲ ನೀವು ಆ ವೈರಿನ ನಟ್ಟು ಬಿಗಿ ಮಾಡಿದ್ರಿ ನೋಡಿ… ಅಬ್ಬಬ್ಬಾ! ನನ್ನ ಉಗುರೇ ಕಿತ್ತು ಬಂತು!

…ಧೂಳು ಒರೆಸುವಾಗ. ಧೂಳು ಒರೆಸುವಾಗ ಕಿತ್ತು ಬಂತು.

ಮತ್ತೆ ನಗು! ಬಾಯಿ ಬಿಟ್ಟು ಒಂದು ಮಾತಾಡಿದ್ರೆ ಮುತ್ತು ಉದುರಿಹೋಗುತ್ತಾ ನಿಮಗೆ? ನೀವು ಉದ್ದಕ್ಕೆ ಮಾತಾಡಿದ್ದು ಒಂದೇ ಸಲ. ಇದರೊಳಗೆ ಪುಟ್ಟ ಸ್ಪ್ರಿಂಗ್ ಇದೆ, ಅದು ಸಡಿಲ ಆದಾಗೆಲ್ಲ ಕರೆಂಟ್ ಬಂದು 'ಟಕ್' ಅಂತ ತಾನೇ ಕೀ ಕೊಟ್ಕೊಳ್ಳುತ್ತೆ ಅಂದಿದ್ರಿ. ಆ 'ಟಕ್' ಕೇಳ್ತಾ ಎಷ್ಟು ಹೊತ್ತು ಕೂತಿದ್ವಿ ಅವತ್ತು! ಈಗ ಟಕ್ಕೂ ಇಲ್ಲ, ಟಿಕ್ಕೂ ಇಲ್ಲ. ಕಿವಿ ಯಾಕೆ ಹಾಗೆ ಒಡ್ಡ್ತಿದ್ದೀರಿ? ಏನೂ ಕೇಳಲ್ಲ, ನಿಂತಿದೆ ಅಂದ್ನಲ್ಲ!

ಈ ಸಲ ಫ್ಯೂಸೇ ಇರಬೇಕು. ಎಡದಿಂದ ಎರಡನೇದು. ಹೇಗೆ ಗೊತ್ತು ಅಂದ್ರೆ… ಅಂದಾಜು ರೀ, ಅಂದಾಜು! ಅದರ ಜೊತೆ ನಿನ್ನೆಯಿಂದ ಹಾರ್ನೂ ಕೆಟ್ಟಿದೆ. ಮೂಲೇಲಿ ಸೈಕಲ್‌ನವನೊಬ್ಬ ಅಡ್ಡ ಬಂದ. ಒತ್ತಿದೆ, ಒತ್ತಿದೆ, ಉಹೂಂ! ಕೊನೆಗೆ ತಲೆ ಹೊರಗೆ ಹಾಕಿ ನಾನೇ 'ಪೋಂ ಪೋಂ' ಅಂದೆ. ಅವನು ಸೈಕಲ್ ಬಿಟ್ಟು ಇಳಿದೇಬಿಟ್ಟ!

ನಗಿ ನಗಿ, ಹೊಟ್ಟೆ ಹಿಡ್ಕೊಂಡು ನಗಿ. ಅಂದಹಾಗೆ ನಿಮ್ಮ ಟೂಲ್ ಪೆಟ್ಟಿಗೆ ಎಲ್ಲಿ? ಮರೆತ್ರಾ? ಊಟ ಮರೆತರೂ ಅದನ್ನ ಮರೆಯೋ ಪೈಕಿ ಅಲ್ಲವಲ್ಲ ನೀವು! ಮತ್ತೆ ಈ ಶರ್ಟು… ತಡೀರಿ, ಇದು ನಾನು ಹೊಲಿದದ್ದು! "ಕೆಲಸಕ್ಕೆ ಹಾಕಲ್ಲ, ಗ್ರೀಸ್ ತಾಗುತ್ತೆ" ಅಂತ ಎತ್ತಿಟ್ಟಿದ್ರಲ್ಲ? ಇಸ್ತ್ರಿ ಬೇರೆ. ಇಲ್ಲಿಂದ ಇನ್ನೆಲ್ಲಿಗೋ ಹೋಗೋದಿದೆಯೇನೋ. ಒಬ್ಬರೇ ಇರೋ ಮನುಷ್ಯ, ಯಾರನ್ನ ನೋಡೋಕೆ ಹೊರಟ್ರೋ… ಹೋಗಿ ಹೋಗಿ, ನನಗೇನಂತೆ! ಗಡಿಯಾರ ಒಂದು ಸರಿ ಮಾಡಿಕೊಟ್ಟು ಹೋಗಿ.

ಏನು? ಬೆರಳು ಯಾಕೆ ತುಟಿ ಮೇಲೆ? ನಾನು ಸುಮ್ಮನಿರಬೇಕಾ? ಅಷ್ಟೇ ತಾನೆ? ಸರಿ. ನಾನೇನು ವಟವಟ ಅನ್ನೋಳಲ್ಲ. ಇಗೋ, ಬಾಯಿಗೆ ಬೀಗ.

…

…

ಟಕ್.

…ಅದು… ಅದು ಸೀಟಿನ ಸ್ಪ್ರಿಂಗ್ ಇರಬೇಕು. ಬೇಡ, ಬಟ್ಟೆ ಎಳೀಬೇಡಿ, ದಮ್ಮಯ್ಯ…

ಅಯ್ಯೋ ದೇವರೇ. ನಡೀತಾ ಇದೆ! ನಿಮ್ಮ ಕೈಗಡಿಯಾರಕ್ಕೂ ಇದಕ್ಕೂ ಕೂದಲೆಳೆ ವ್ಯತ್ಯಾಸ ಇಲ್ಲ! ಹಾಗಾದ್ರೆ ನಾನು ಕಿತ್ತದ್ದು… ಎಲ್ಲಿ ತೋರಿಸ್ತಿದ್ದೀರಿ? ಖಾಲಿ ಇರೋದು ಬಲದಿಂದ ಎರಡನೇದಾ? ಹಾರ್ನಿನ ಫ್ಯೂಸಾ! ಹಾಳಾದ ಅಭ್ಯಾಸ! ದಿನವಿಡೀ ಎದುರು ನಿಂತವರ ಅಳತೆ ತೆಗೆಯೋಳು ನಾನು, ಅವರ ಎಡ ನನ್ನ ಬಲ. ಫ್ಯೂಸ್ ಬಾಕ್ಸನ್ನೂ ಗಿರಾಕಿ ಅಂದ್ಕೊಂಡೆನಲ್ಲಪ್ಪ!

ಏನಾದ್ರೂ ಅನ್ನಿ. ಬೈಯಿರಿ ಬೇಕಾದ್ರೆ. ಹೀಗೆ ಸುಮ್ಮನೆ ನೋಡ್ತಾ ಕೂತ್ರೆ ಮುಖ ಎಲ್ಲಿ ಬಚ್ಚಿಡಲಿ ನಾನು? ಹೌದು, ಆ ವೈರೂ ನಾನೇ ಬಿಚ್ಚಿದ್ದು. ಪ್ರತೀ ಸಲ. ನಿಮಗೆ… ನಿಮಗೆ ಗೊತ್ತಿತ್ತಾ? ಮತ್ತೆ ಯಾಕೆ ಬರ್ತಿದ್ರಿ? ಪೆಟ್ಟಿಗೆ ಇಲ್ಲದೆ, ಈ ಶರ್ಟು ಹಾಕ್ಕೊಂಡು ಇವತ್ತು ಯಾಕೆ…

ಕೈ ಚಾಚಿದ್ದು ಯಾಕೆ? ಫ್ಯೂಸಾ? ತಗೊಳ್ಳಿ, ಬಟನ್ ಡಬ್ಬೀಲಿ ಇಟ್ಟಿದ್ದೆ. ತಗೊಳ್ಳಿ ಅಂದೆ.

ಕೊಟ್ಟಾಯ್ತಲ್ಲ. ಇನ್ನೂ ಯಾಕೆ ಕೈ ಹಾಗೇ…

ಓ.

…ಆ ಗಡಿಯಾರಕ್ಕೆ ಮೊದಲು ಬಟ್ಟೆ ಮುಚ್ಚಿ ರೀ. ನೋಡ್ತಾ ಇದೆ.