ನೀರು ಸೋಸಿದ ಅರಿವಿ

...ಅಲ್ಲ, ಮಂಗ್ಯಾ ಅಂತ! ಮನಶ್ಯಾ ಮದಲ ಮಂಗ್ಯಾ ಇದ್ದನಂತ, ಆಗಿನ ಸಿಟ್ಟು ಇನ್ನೂ ನಮ್ಮ ರಗತದಾಗ ಐತಂತ. ಪುಣೇದಿಂದ ಬಂದ ಪಂಡಿತ ನಿನ್ನೆ ಸಾಂಗ್ಲಿಯೊಳಗ ಭಾಷಣಾ ಹೊಡದ. ನಾ ಎದ್ದು ನಿಂತು ಹೇಳಿದೆ: ನಿಮ್ಮ ರಗತದಾಗ ಇದ್ದೀತ್ರಿ ಪಂಡಿತರ, ನಾವು ಜೈನರು, ಈ ಆದಪ್ಪನ ಮನ್ಯಾಗ ಏಳು ಪೀಳಿಗಿಯಿಂದ ಇರಿವಿ ತುಳದವರಿಲ್ಲ... ಯಾಕ ನಗತಿ? ಬಾಯಿಗೆ ಪಟ್ಟಿ ಕಟ್ಟಿದ್ರೂ ಕಣ್ಣು ನಗತಾವಲ್ಲ ನಿನ್ನವು.

ನಗಬ್ಯಾಡ. ದವಡಿ ಮುರದೈತಿ. ಆರು ವಾರ ಮಾತಿಲ್ಲ, ಬರೇ ಗಂಜಿ ಅಂದಾನ ಡಾಕ್ಟರ. ಒಂದು ಲೆಕ್ಕದಾಗ ಛಲೋ ಆತು. ಹದಿನಾಕ ವರ್ಷದಾಗ ಇದಽ ಮದಲನೇ ಸಲ ಗಂಡನ ಮಾತು ಪೂರ್ತಿ ಕೇಳಾಕತ್ತಿ. ರೈಲಿನ್ಯಾಗ ಕುಂದರಿಸಿ ಈ ಮಿರಜಿ ದವಾಖಾನಿಗೆ ತಂದವ ಯಾರು? ನಾನಽ.

ಉಳ್ಳಾಗಡ್ಡಿ, ಬೆಳ್ಳುಳ್ಳಿ ತಿಂದವರಿಗೆ ಸಿಟ್ಟು ಬರತೈತಿ ಅಂತಿದ್ದ ನಮ್ಮಪ್ಪ. ನಾ ತಿಂತೀನೇನು? ಹೊತ್ತು ಮುಳುಗಿದ ಮ್ಯಾಲೆ ತುತ್ತು ಮುಟ್ಟಂಗಿಲ್ಲ. ಮತ್ತ ನನ್ನೊಳಗ ಸಿಟ್ಟು ಎಲ್ಲಿಂದ ಬರಬೇಕು? ಮಂದಿ ತಂದು ಹಾಕತಾರ. ಹಾಲು ಉಕ್ಕಿದರ ಹಾಲಿನ ತಪ್ಪೇನು? ಉರಿ ಹಚ್ಚಿದವರು ಯಾರು?

ನೀ. ನೀರು ಸೋಸಿದ ಮ್ಯಾಲೆ ಅರಿವಿ ಏನು ಮಾಡಬೇಕು? ಅದರಾಗ ಉಳಿದ ಜೀವಗೋಳ್ನ ತಿರುಗಿ ಬಾಂವ್ಯಾಗ ಬಿಡಬೇಕು. ನೀ ಬಿಸಲಾಗಿನ ಕಲ್ಲಿನ ಮ್ಯಾಲೆ ಹಿಂಡಿದಿ. ಕಣ್ಣಿಗೆ ಕಾಣದಷ್ಟು ಸಣ್ಣ ಜೀವ, ಸುಟ್ಟು ಸತ್ತವು. ನನಗ ಅಳು ಬಂತು, ಖರೇನ. ಕರುಣಾ ಇಲ್ಲದ ಹೆಂಗಸು ನೀ.

ಆಮ್ಯಾಲೆ ಬಾಂವಿ ಮೆಟ್ಟಲ ಮ್ಯಾಲೆ ಜಾರಿ ಬಿದ್ದಿ. ಹಾಂ, ಬಿದ್ದಿ. ಹಂಗ್ಯಾಕ ನೋಡ್ತಿ? ಬಿದ್ದಿ ಅಂದ್ರ ಬಿದ್ದಿ.

ಇಷ್ಟ ನೆನಪಿಡು. ಖಂಡೇರಾಜುರಿಯಿಂದ ನಿನ್ನ ತಮ್ಮ ಪಾರಿಸ ಇವತ್ತ ಬರತಾನ. ಅಕ್ಕಾ, ಬಿದ್ದಿಯೇನು ಅಂತ ಕೇಳಿದ್ರ ಗೋಣು ಹಾಕು. ಡಾಕ್ಟರ ಕೇಳಿದ್ರೂ ಹಾಕು. ಇಲ್ಲಾಂದ್ರ ಸಂಸ್ಥಾನದ ಫೌಜದಾರಗ ಚೀಟಿ ಬರೀತಾನಂತ ಡಾಕ್ಟರ. ಫೌಜದಾರ ನನ್ನ ಒಯ್ದರ ನೀ ಎಲ್ಲಿಗೆ ಹೋಗ್ತಿ? ತಮ್ಮನ ಮನ್ಯಾಗ ಶಗಣಿ ಬಳೀತಿ. ಹುಡುಗ್ರು ನಮ್ಮವ್ವನ ಹಂತ್ಯಾಕ ಇರತಾವ, ನಿನಗ ಮಾರಿ ತೋರಸಂಗಿಲ್ಲ.

ಈಗ ಒಮ್ಮೆ ಹಾಕು ನೋಡೂಣು. ಬಿದ್ದಿ, ಹೌದಲ್ಲ?

...ಹಾಕು.

...ರತ್ನಾ, ನಿನಗಽ ಹೇಳಾಕತ್ತೀನಿ.

ಅಯ್ಯ, ಮಾರಿ ಯಾಕ ಮುಚ್ಚಿಕೊಂಡಿ? ಪಟ್ಟಿ ಮ್ಯಾಲೆ ನೊಣ ಕುಂತಿತ್ತು, ಹಾರಸಾಕ ಕೈ ಎತ್ತಿದೆ, ಅಷ್ಟ. ಕೈ ತಗಿ. ನೋಡಿದವರು ಏನಂದಾರು... ತಗಿ ಅಂದ್ನಲ್ಲ...

ಪಾರಿಸ... ನೀ ಯಾವಾಗ ಬಂದಿ?