ಸೋಸಿ ಕುಡಿಸಿದ ಔಷಧಿ

ಆಸ್ಪತ್ರೆಯ ಔಷಧಿ ಕೌಂಟರಿನ ಸಾಲಿನಲ್ಲಿ ಒಬ್ಬ ಟೈಲರ್ ನಿಂತಿದ್ದ. ಮುಂದಿದ್ದ ಅಜ್ಜಿ ಒಂದು ಸಿರಪ್ ಬಾಟಲಿಯನ್ನೂ ಬಟ್ಟೆಯ ಗಂಟನ್ನೂ ಕಿಟಕಿಯ ಕಟ್ಟೆ ಮೇಲೆ ಕುಕ್ಕಿದಳು.

“ಎಂಥಾ ಔಷಧಿ ಕೊಟ್ಟಿದೀಯಪ್ಪಾ? ಹತ್ತು ದಿನದಿಂದ ಕುಡಿಸ್ತಿದೀನಿ, ಮೊಮ್ಮಗಳಿಗೆ ಫಿಟ್ಸ್ ಜಾಸ್ತೀನೇ ಆಗಿದೆ. ಇವತ್ತು ಬೆಳಗ್ಗೆಯಿಂದ ಮೂರು ಸಲ!”

“ಚೆನ್ನಾಗಿ ಕುಲುಕಿ ಕುಡಿಸಿದ್ರಾ ಅಮ್ಮಾ?” ಅಂದ ಔಷಧಿ ಕೊಡುವವನು.

“ಯಾಕೆ ಕುಲುಕಲಿ? ತಳದ ತುಂಬ ಮಡ್ಡಿ. ಸೊಸೆ ಬೇಡ ಅಂದ್ರೂ ಅವಳ ಬಾಯಿ ಮುಚ್ಚಿಸಿ, ಈ ಬಟ್ಟೇಲಿ ಸೋಸಿ, ತಿಳಿ ಮಾತ್ರ ಕುಡಿಸಿದೆ. ತಗೋ, ನೋಡು ನಿನ್ನ ಕಸ!”

ಗಂಟು ಬಿಚ್ಚಿದಳು. ಒಳಗೆ ಬಿಳಿ ಪುಡಿ.

“ಅಮ್ಮಾ... ಈ ಪುಡೀನೇ ಔಷಧಿ. ಇದು ನೀರಲ್ಲಿ ಕರಗಲ್ಲ. ಕುಲುಕಿದಾಗ ಸಮನಾಗಿ ಬೆರೆತು ತೇಲೋ ಹಾಗೆ ಮಾಡಿರ್ತಾರೆ.”

“ಹಾಗಾದ್ರೆ ನಾನು ಕುಡಿಸಿದ್ದು?”

“ಸಕ್ಕರೆ ನೀರು.”

ಹಿಂದೆ ನಿಂತಿದ್ದ ಟೈಲರ್ ಆ ಗಂಟಿನ ಬಟ್ಟೆ ನೋಡಿದ. ಒತ್ತಾದ ನೇಯ್ಗೆ, ಪುಡಿಯ ಒಂದು ಕಣವೂ ದಾಟಿರಲಾರದು.

“ಈಗ ಇದನ್ನೇ ಕಲಸಿ ಕುಡಿಸ್ಲಾ?”

“ಬೇಡಮ್ಮಾ, ಅಳತೆ ತಪ್ಪುತ್ತೆ. ಮಗು ಎಲ್ಲಿ?”

“ಹೊರಗೆ, ಸೊಸೆ ತೊಡೆ ಮೇಲೆ.”

“ಈಗ್ಲೇ ಎಮರ್ಜೆನ್ಸಿಗೆ ಕರ್ಕೊಂಡು ಹೋಗಿ. ನಾನು ಫೋನ್ ಮಾಡ್ತೀನಿ.”

“ಸೊಸೆಗೆ ಏನಂತ ಹೇಳ್ಲಪ್ಪಾ?”

ಅವನು ಆಗಲೇ ಫೋನ್ ಎತ್ತಿದ್ದ. ತಾನೇ ಕಸ ಅಂದಿದ್ದ ಪುಡಿಯನ್ನು ಒಂದು ಚಿಟಿಕೆಯೂ ಚೆಲ್ಲದಂತೆ ಗಂಟು ಕಟ್ಟಿ, ಎದೆಗವಚಿಕೊಂಡು, ಅಜ್ಜಿ ಬಾಗಿಲ ಕಡೆ ಓಡಿದಳು.