ಹೊಗೆ ಕಾಣದ ಫಿಲೇಚರು

"ಮುಚ್ಚಿಲ್ಲ ಕಣಕ್ಕಾ, ನೂಲು ತೆಗ್ಯೋ ಬೇಸಿನ್ ಇನ್ನೂ ಎಲ್ಡು ಹಾಕುಸ್ತಾ ಇವ್ನಿ!"

ಬಿಡದಿ ಬಸ್ಸಿನಲ್ಲಿ ಮುಂದಿನ ಸೀಟಿನಿಂದ ಈ ಕೂಗು ಬಂದಾಗ ನಾನು ಇಯರ್‌ಫೋನ್ ಕಿತ್ತೇಬಿಟ್ಟೆ. ಕೂಗಿದವರು ಲತಾಮಣಿ, ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವ ಸಣ್ಣ ಫಿಲೇಚರಿನ ಯಜಮಾನಿ. ಪಕ್ಕದಲ್ಲಿದ್ದ ಮಾಯಮ್ಮ ಅಲ್ಲೇ ನೂಲು ಎಳೆಯುತ್ತಿದ್ದವರಂತೆ.

"ಸುಳ್ಳೇಳ್ಬ್ಯಾಡ ಲತಾ. ತವರಿಂದ ಬಂದು ನೋಡ್ತೀನಿ, ನಿನ್ ಚಿಮಣೀಲಿ ಹೊಗೇನೇ ಇಲ್ಲ. ಬಾಗ್ಲಾಕ್ಬುಟ್ಳು ಅಂತ ಬಿಡದಿ ಗಾರ್ಮೆಂಟ್ಸಲ್ಲಿ ಕೆಲ್ಸ ಕೇಳಕ್ಕೆ ಹೊಂಟಿವ್ನಿ."

"ಒಳಗ್ ಬಂದು ಒಂದ್ ಮಾತು ಕೇಳಕ್ಕಾಗ್ಲಿಲ್ವಾ?"

"ಒಲೆ ಉರೀದೆ ಗೂಡು ಬೇಯ್ತದಾ?"

"ಉರೀತೈತೆ ಕಣಕ್ಕಾ. ಹೊಸ ಒಲೆ, ಅರ್ಧ ಸೌದೆ ಸಾಕು. ನೀರು ಸೋಲಾರಲ್ಲೇ ಒಸಿ ಕಾಯ್ದು ಬತ್ತದೆ. ಅದ್ಕೇ ಹೊಗೆ ಇಲ್ಲ."

"ಅರ್ಧ ಸೌದೆ ಸಾಕು, ಅರ್ಧ ಜನಾನೂ ಸಾಕು ಅಂತೀಯ."

"ತಗಿ ಅತ್ಲಾಗೆ! ಸೌದೆಗೆ ಸುರೀತಿದ್ದ ದುಡ್ಡು ಉಳೀತು, ಅದ್ರಲ್ಲೇ ಬೇಸಿನ್ ಹಾಕುಸ್ತಿರೋದು. ಬೇಸಿನ್ನು ತಾನಾಗೇ ನೂಲು ತೆಗೀತದಾ? ನಿನ್ ಕೈಯೇ ಬೇಕು."

"ಗಾರ್ಮೆಂಟ್ಸಲ್ಲಿ ಹೊಗೆಗೆ ಕಣ್ಣು ಉರಿಯಲ್ಲ."

"ಇಲ್ಲೂ ಉರಿಯಲ್ಲ. ಬಂದು ನೋಡು."

ಮಾಯಮ್ಮ ಕಿಟಕಿಯಾಚೆ ನೋಡಿದರು. ಆಮೇಲೆ ಕಿಸಕ್ಕನೆ ನಕ್ಕರು.

"ಊರೋರೆಲ್ಲ ನೀನು ಮುಳುಗ್ಬುಟ್ಟೆ ಅಂತಾವ್ರೆ. ಚಿಮಣೀಗೆ ಒಂದ್ ಊದುಗಡ್ಡಿನಾದ್ರೂ ಸಿಗ್ಸು."

"ಅನ್ಲಿ ಬುಡು. ನಾನಂತೂ ಬೇಸಿನ್ ತರಕ್ಕೇ ಹೊಂಟಿವ್ನಿ. ನೀನ್ ಬರ್ದಿದ್ರೂ ತತ್ತೀನಿ."

ಬಸ್ಸು ನಿಂತಿತು. ಬಿಡದಿ ಇನ್ನೂ ಬಂದಿರಲಿಲ್ಲ. ಮಾಯಮ್ಮ ಚೀಲ ಎತ್ತಿಕೊಂಡು ಇಳಿದು, ರಾಮನಗರದ ಬಸ್ಸಿಗೆಂದು ರಸ್ತೆ ದಾಟಿದರು. ಆ ಕಡೆಯಿಂದಲೇ ಕೂಗಿದರು:

"ನಾಳೆ ಏಳಕ್ಕೆ ಬತ್ತೀನಿ. ಕಣ್ಣು ಉರಿದ್ರೆ ಎದ್ದೋಯ್ತೀನಿ!"

"ಏಳಕ್ಕೇ ಬಾ, ಟೀ ಕಾಯ್ಸಿರ್ತೀನಿ!"

"ಸೋಲಾರಲ್ಲಾ?"